ಹತ್ತರ ಮಗ್ಗಿಯ ಸಾಲುಗಳು

ರಾತ್ರಿ ಹನ್ನೊಂದೂವರೆಗೆ ನಡುಮನೆಯಲ್ಲಿ ಟಕ್ ಎಂದು ಸದ್ದಾಯಿತು. ಜೋರಾದ ಸದ್ದೇನಲ್ಲ. ನಿದ್ದೆ ಬಂದಿದ್ದರೆ ಕೇಳಿಸುತ್ತಿರಲಿಲ್ಲ. ಆದರೆ ಮಾರನೆಯ ದಿನ ಹತ್ತೂವರೆಗೆ ನಮ್ಮ ಶಾಲೆಗೆ ಇಲಾಖೆಯ ಸಮಿತಿ ಬರುವುದಿತ್ತು. ಬಾಗಿಲ ಚಿಲಕ ಹಾಕಿದ್ದೇನೆ, ಗ್ಯಾಸ್ ಆರಿಸಿದ್ದೇನೆ, ಸೀರೆ ಇಸ್ತ್ರಿಯಾಗಿದೆ ಎಂದು ಮಲಗಿದಲ್ಲೇ ಮನಸ್ಸಿನಲ್ಲಿ ಎಣಿಸುತ್ತ ಹೋದವಳು ಕ್ಯಾಸೆಟ್ಟಿನ ವಿಷಯಕ್ಕೆ ಬಂದು ತಡೆದಿದ್ದೆ. ಸಂಜೆ ಒಮ್ಮೆ ಹಾಕಿ ಕೇಳಿದ್ದೆ, ನಿಜ. ಆಮೇಲೆ ಅದನ್ನು ಟೇಪ್‌ರೆಕಾರ್ಡರಿನಿಂದ ತೆಗೆದೆನೇ?

ಎದ್ದು ಹೋದೆ. ಅತ್ತೆ ಪಾರ್ವತಮ್ಮ ಟೇಪ್‌ರೆಕಾರ್ಡರಿನ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದರು. ಅವರ ಬೆರಳು ಇನ್ನೂ ಗುಂಡಿಯ ಮೇಲಿತ್ತು.

"ಎದ್ದುಬಿಟ್ಯಾ? ಸದ್ದು ಮಾಡ್ಬಾರ್ದು ಅಂತಾನೇ ಮೆಲ್ಲಗೆ ಹಾಡ್ದೆ" ಎಂದರು. "ನಮ್ಮವ್ವ ಹೇಳ್ತಿದ್ದ ಸೋಬಾನೆ ಪದ ಕಣೆ. ನಿನ್ ನಾದಿನಿ ಮದ್ವೇಲಿ ಹೇಳೋಕೆ ಯಾರಿಗ್ ಬರುತ್ತೆ ಹೇಳು? ಹಗಲೊತ್ತು ಬಸ್ಸು, ಕುಕ್ಕರು, ಪಕ್ಕದ್ಮನೆ ರೇಡಿಯೋ. ಅದಕ್ಕೇ ಈಗ ಕೂತೆ. ಎರಡೂ ಪದ ಪೂರ್ತಿ ಬಂತು ನೋಡು!"

"ಯಾವ ಕ್ಯಾಸೆಟ್ಟು ಅತ್ತೆ?"

"ಇದರೊಳಗೇ ಇತ್ತಲ್ಲ, ಅದೇ. ಹಾಕಿ ಕೇಳ್ದೆ. ಬರೀ ಕೀ... ಅಂತ ಕೂಗ್ತಿತ್ತು. ಹಾಳಾಗಿರೋದು, ಹೆಂಗೂ ಬಿಸಾಕ್ತೀಯ ಅಂತ..."

ಅತ್ತೆಯ ಮುಖದಲ್ಲಿ ಹಿಗ್ಗು ಇತ್ತು. ನಾನು, "ಚೆನ್ನಾಗಿ ಬಂದಿರುತ್ತೆ, ಮಲಗಿ ಅತ್ತೆ" ಎಂದೆ. ಅವರು ಕೋಣೆಗೆ ಹೋದ ಮೇಲೆ ದನಿ ತಗ್ಗಿಸಿ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿದೆ. ಕೀ ಎನ್ನುವ ಕೂಗು ಎಲ್ಲಿಯೂ ಇರಲಿಲ್ಲ. ಮೂರು ತಿಂಗಳ ಕೆಲಸ ಆ ಕೂಗಿನಲ್ಲಿತ್ತು.

ಅದು ಸಾವಿರದ ಒಂಬೈನೂರ ಎಂಬತ್ತೈದು. ಜೆ.ಪಿ. ನಗರದ ನಮ್ಮ ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಆ ವರ್ಷ ಎರಡು ಕಂಪ್ಯೂಟರು ಬಂದಿದ್ದವು. ಅವುಗಳಲ್ಲಿ ಒಂದು ಬಂದ ದಿನದಿಂದಲೇ ಕೆಟ್ಟಿತ್ತು. ಉಳಿದ ಒಂದನ್ನು ಟೀವಿಗೆ ಜೋಡಿಸಿಕೊಂಡು, ಗಣಿತದ ಟೀಚರಾದ ನಾನು ಒಂಬತ್ತನೆಯ ತರಗತಿಯ ನಲವತ್ತೆರಡು ಮಕ್ಕಳಿಗೆ ಕಲಿಸುತ್ತಿದ್ದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಹತ್ತುವುದಿಲ್ಲ, ಯಂತ್ರಗಳನ್ನು ಜಯನಗರದ ಒಂದು ಇಂಗ್ಲಿಷ್ ಶಾಲೆಗೆ ಕೊಡುವುದು ಒಳ್ಳೆಯದು ಎಂದು ಯಾರೋ ಇಲಾಖೆಗೆ ಬರೆದಿದ್ದರು. ನಿಜವೇ ಎಂದು ನೋಡಿಹೋಗಲು ಸಮಿತಿ ಬರುತ್ತಿತ್ತು. ಮಕ್ಕಳು ತೋರಿಸಿಕೊಟ್ಟರೆ ಯಂತ್ರ ಉಳಿಯುತ್ತದೆ, ಇಲ್ಲದಿದ್ದರೆ ಸೋಮವಾರವೇ ಲಾರಿ ಬರುತ್ತದೆ ಎಂದು ಮುಖ್ಯೋಪಾಧ್ಯಾಯರಾದ ಸಿದ್ದಲಿಂಗಯ್ಯನವರು ನೇರವಾಗಿಯೇ ಹೇಳಿದ್ದರು.

ತೋರಿಸಲೆಂದು ನಾವೊಂದು ಪ್ರೋಗ್ರಾಂ ಬರೆದಿದ್ದೆವು. ಇನ್‌ಪುಟ್, ಔಟ್‌ಪುಟ್, ಮೆಮೊರಿ, ಕೀಬೋರ್ಡ್ ಹೀಗೆ ಇಪ್ಪತ್ತು ಪದಗಳನ್ನು ಯಂತ್ರವೇ ಕೇಳುತ್ತದೆ, ಮಕ್ಕಳು ಉತ್ತರ ಒತ್ತುತ್ತಾರೆ, ಅದು ಸರಿ ತಪ್ಪು ಹೇಳುತ್ತದೆ. ಯಂತ್ರಕ್ಕೆ ಕನ್ನಡದ ಅಕ್ಷರ ಬಾರದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೆವು. ಒಟ್ಟು ತೊಂಬತ್ತಾರು ಸಾಲು. ಆಗೆಲ್ಲ ಪ್ರೋಗ್ರಾಮನ್ನು ಕೀ ಎನ್ನುವ ಸದ್ದಾಗಿ ಹಾಡಿನ ಕ್ಯಾಸೆಟ್ಟಿನಂಥದಕ್ಕೇ ಇಳಿಸಿಟ್ಟು, ಬೇಕಾದಾಗ ಟೇಪ್‌ರೆಕಾರ್ಡರಿನಿಂದ ಮತ್ತೆ ಯಂತ್ರಕ್ಕೆ ಹತ್ತಿಸಬೇಕಿತ್ತು. ಹಾಗೆ ಉಳಿಸಿಟ್ಟುಕೊಳ್ಳಲು ಶಾಲೆ ಕೊಟ್ಟಿದ್ದು ಒಂದೇ ಕ್ಯಾಸೆಟ್ಟು.

ಆ ಕ್ಯಾಸೆಟ್ಟು ನನ್ನ ಮನೆಗೆ ಬಂದದ್ದಕ್ಕೂ ಕಾರಣವಿತ್ತು. ಶಾಲೆಯ ಅಲ್ಮೆರಾದಲ್ಲಿ ವಿಜ್ಞಾನ ವಿಭಾಗದ ಆಯಸ್ಕಾಂತಗಳ ಪೆಟ್ಟಿಗೆ ಇತ್ತು. ಆಯಸ್ಕಾಂತದಿಂದ ಟೇಪು ಅಳಿಸಿಹೋಗುತ್ತದೆ ಎಂದು ಓದಿದ್ದೆ. ಅದನ್ನು ಬೇರೆ ಕಡೆ ಇಡಿ ಎಂದು ಗುಮಾಸ್ತರಾದ ಶಂಭುಲಿಂಗಪ್ಪನವರನ್ನು ಕೇಳಿದ್ದಕ್ಕೆ, "ಅಲ್ಮೆರಾ ಎರಡು, ಮೂರನೇ ಖಾನೆ ಅಂತ ಸ್ಟಾಕ್ ರಿಜಿಸ್ಟರಲ್ಲಿದೆ ಮೇಡಂ. ನಾನು ಎಲ್ಲಿಗೆ ಕಳಿಸ್ಲಿ ಅದನ್ನ, ನಿಮ್ಮ ಮನೆಗಾ?" ಎಂದರು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೂರಿರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಅದಕ್ಕೂ ಅವರು ಬಿಡಲಿಲ್ಲ. "ಮುರಿದ್ರೆ ಡ್ಯಾಮೇಜ್ ಅಂತ ಬರೀಬೇಕಾಗುತ್ತೆ. ಆಡಿಟ್‌ನಲ್ಲಿ ನೀವು ಉತ್ತರ ಕೊಡ್ತೀರಾ?" ಹೀಗಾಗಿ ಯಾರಿಗೂ ಹೇಳದೆ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಹನುಮಂತನಗರಕ್ಕೆ ತಂದಿದ್ದೆ. ಶಾಲೆಯ ವಸ್ತುವನ್ನು ಮನೆಗೆ ಒಯ್ಯುವುದು ತಪ್ಪು ಎಂದು ಗೊತ್ತಿದ್ದೇ ತಂದಿದ್ದೆ. ಜೋಪಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಆ ರಾತ್ರಿ ಅಡುಗೆಮನೆಯಲ್ಲಿ ಕೂತು, ಏನು ಉಳಿದಿದೆ ಎಂದು ಯೋಚಿಸಿದೆ. ಅಳಲಿಲ್ಲ. ಅಳುವುದಕ್ಕೆ ಸಮಯವಿರಲಿಲ್ಲ.

ಉಳಿದದ್ದು ಮಕ್ಕಳ ನೋಟ್‌ಬುಕ್ಕು. ನಲವತ್ತೆರಡು ಮಕ್ಕಳಿಗೆ ಒಂದೇ ಕೀಬೋರ್ಡು ಇದ್ದುದರಿಂದ, ಪ್ರತಿಯೊಬ್ಬರೂ ಪ್ರತಿ ಸಾಲನ್ನೂ ನಕಲು ಮಾಡಿಕೊಂಡಿದ್ದರು. ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ಸಂಖ್ಯೆ ಕೊಡುವುದು ಕ್ರಮ. ನಡುವೆ ಸೇರಿಸಬೇಕಾದಾಗ ಜಾಗವಿರಲಿ ಎಂದು. ಮಕ್ಕಳು ಅದನ್ನು ಹತ್ತರ ಮಗ್ಗಿ ಮಾಡಿಕೊಂಡು ರಾಗವಾಗಿ ಒಪ್ಪಿಸುತ್ತಿದ್ದರು. ನನಗೆ ಅದು ನಾಚಿಕೆಯ ವಿಷಯವಾಗಿತ್ತು. ಕಂಪ್ಯೂಟರನ್ನೂ ಬಾಯಿಪಾಠ ಮಾಡಿಸುತ್ತಾರೆ ಎಂದು ಸಮಿತಿಯವರು ನಕ್ಕಾರು ಎಂದು ಎಷ್ಟೋ ಸಲ ಗದರಿ ನಿಲ್ಲಿಸಿದ್ದೆ.

ಬೆಳಿಗ್ಗೆ ಎಂಟಕ್ಕೆ ಕೋಣೆ ಗುಡಿಸಿ ತೋರಣ ಕಟ್ಟಲು ಬನ್ನಿ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇತ್ತು. ಶಾಲೆಯ ಟೇಪ್‌ರೆಕಾರ್ಡರು ಮಾತ್ರ ಅಲ್ಮೆರಾದಲ್ಲಿ, ಅದಿಲ್ಲದೆ ಹೊಡೆದದ್ದನ್ನು ನಡುನಡುವೆ ಉಳಿಸಿಡುವಂತಿರಲಿಲ್ಲ. ಅಲ್ಮೆರಾದ ಬೀಗದ ಕೈ ಇಟ್ಟುಕೊಂಡಿದ್ದ ಶಂಭುಲಿಂಗಪ್ಪನವರು ಹತ್ತೂಕಾಲಿಗಿಂತ ಮುಂಚೆ ಬಂದವರಲ್ಲ.

"ತೋರಣ ಆಮೇಲೆ" ಎಂದೆ. "ಇವತ್ತು ಕ್ಯಾಸೆಟ್ಟಿಲ್ಲ. ಪೂರ್ತಿ ಕೈಯಲ್ಲೇ ಹೊಡೀಬೇಕು. ಹತ್ತೂವರೆ ಒಳಗೆ."

ಯಾಕೆ ಎಂದು ಯಾರೂ ಕೇಳಲಿಲ್ಲ. ಚಲುವರಾಜು ಮಾತ್ರ, "ತೊಂಬತ್ತಾರು ಸಾಲಾ ಮೇಡಂ? ಬೆರಳಿಗೆ ಎಣ್ಣೆ ಹಾಕ್ಕೋಬೇಕು" ಎಂದ. ಎಲ್ಲರೂ ನಕ್ಕರು.

ಹುಳಿಮಾವಿನಿಂದ ಬರುವ ಅಣ್ಣಮ್ಮ ಕೀಬೋರ್ಡಿನ ಮುಂದೆ ಕೂತಳು. ತರಗತಿಯಲ್ಲಿ ಹುಡುಗರು ಅವಳನ್ನು 'ಅಜ್ಜಿ ಹೆಸರಿನೋಳು' ಎಂದು ಆಡಿಕೊಳ್ಳುತ್ತಿದ್ದರು. ಆದರೆ ಅಷ್ಟು ಬೇಗ ಅಕ್ಷರ ಹುಡುಕುವವರು ಬೇರೆ ಇರಲಿಲ್ಲ. ಮೊದಲ ಬೆಂಚಿನವರು ನೋಟ್‌ಬುಕ್ಕು ನೋಡಿ ಓದುವುದು, ಅವಳು ಒತ್ತುವುದು, ನಾನು ಪರದೆ ನೋಡುವುದು ಎಂದು ಗೊತ್ತುಮಾಡಿದೆ. ಒಬ್ಬೊಬ್ಬರು ಒಂದೊಂದು ವೇಗದಲ್ಲಿ ಓದಿ ಗೊಂದಲವಾಯಿತು. ನಾನೂರರ ಸಾಲಿಗೆ ಬರುವ ಹೊತ್ತಿಗೆ ಒಂಬತ್ತಾಗುತ್ತ ಬಂದಿತ್ತು. ಆಗಲೇ ಕರೆಂಟು ಹೋಯಿತು.

ಟೀವಿಯ ನಡುವೆ ಒಂದು ಬಿಳಿಯ ಚುಕ್ಕೆ ನಿಂತು, ಆರಿತು.

"ಹೋಯ್ತು" ಎಂದಳು ಅಣ್ಣಮ್ಮ. "ಎಲ್ಲಾ ಹೋಯ್ತು ಮೇಡಂ."

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಮತ್ತೆ ಬರುವವರೆಗೆ ನಾನು ಆ ಮಕ್ಕಳ ಮುಖ ನೋಡುತ್ತ ನಿಂತಿದ್ದೆ. ಇದ್ದದ್ದು ಎಂಬತ್ತು ನಿಮಿಷ. ಮತ್ತೊಮ್ಮೆ ಹೋದರೆ ಮುಗಿಯಿತು. ಸಮಿತಿಗೆ ಬರೀ ಪದಗಳ ಅರ್ಥ ಒಪ್ಪಿಸಿ ಕೈಮುಗಿಯೋಣವೇ ಎಂದೂ ಒಂದು ಗಳಿಗೆ ಅನಿಸಿತು. ಹಾಗೆ ಮಾಡಿದರೆ ಲಾರಿ ಬರುವುದು ಖಂಡಿತ.

"ಎಲ್ಲರೂ ಒಟ್ಟಿಗೆ ಹೇಳಿ" ಎಂದೆ. "ಮಗ್ಗಿ ಹೇಳೋ ಥರಾನೇ."

"ನೀವೇ ಬೇಡ ಅಂತಿದ್ರಲ್ಲ ಮೇಡಂ?"

"ಈಗ ಬೇಕು."

ನಲವತ್ತೆರಡು ಕಂಠಗಳು ಒಂದೇ ರಾಗ ಹಿಡಿದವು. ಹತ್ತರ ಸಾಲು ಇದು, ಇಪ್ಪತ್ತರ ಸಾಲು ಇದು, ಮೂವತ್ತರಲ್ಲಿ ಪ್ರಿಂಟ್, ಉದ್ಧರಣ ಚಿಹ್ನೆ, ಬಿಡಬೇಡ. ಎಳೆಯುವ ಕಡೆ ಎಳೆದರು, ನಿಲ್ಲುವ ಕಡೆ ನಿಂತರು. ಆ ನಿಲುಗಡೆಯಲ್ಲಿ ಅಣ್ಣಮ್ಮನ ಬೆರಳಿಗೆ ಸರಿಯಾಗಿ ಸಮಯ ಸಿಗುತ್ತಿತ್ತು. ಅವಳಿಗೆ ದಣಿವಾದಾಗ ಚಲುವರಾಜು ಕೂತ, ಅವನಿಗೆ ದಣಿವಾದಾಗ ಮತ್ತೆ ಅವಳು. ನಾನು ಗೋಡೆಯ ಮೇಲಿನ ಬಲ್ಬನ್ನು ನೋಡುತ್ತಲೇ ಇದ್ದೆ. ಅದು ಎರಡು ಸಲ ಮಂಕಾಗಿ ಮತ್ತೆ ಉರಿಯಿತು. ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಒಂಬೈನೂರ ಅರವತ್ತರ ಸಾಲು, ಕೊನೆಯದು, ಮುಗಿಯಿತು. ಆ ಹೊತ್ತಿಗೆ ಶಂಭುಲಿಂಗಪ್ಪನವರು ಟೇಪ್‌ರೆಕಾರ್ಡರು ಹೊತ್ತು ಬಾಗಿಲಲ್ಲಿ ನಿಂತಿದ್ದರು.

"ಇದೇನ್ ಮೇಡಂ, ಭಜನೆ?"

"ಪುನರಾವರ್ತನೆ" ಎಂದೆ.

ಸಮಿತಿಯಲ್ಲಿ ಮೂವರಿದ್ದರು. ಇಬ್ಬರು ಕಾಫಿ ಕುಡಿದು ಕುರ್ಚಿಯಲ್ಲಿ ಕೂತರು. ಮೂರನೆಯವರು ಗೌರೀಶಂಕರ ಎನ್ನುವ ಪ್ರಾಧ್ಯಾಪಕರು, ಕೂರದೆ ನೇರವಾಗಿ ಯಂತ್ರದ ಹತ್ತಿರ ಹೋದರು. ಅಣ್ಣಮ್ಮ ಪ್ರೋಗ್ರಾಂ ಓಡಿಸಿದಳು. ಮೊದಲ ಪ್ರಶ್ನೆ ಬಂತು, ಎರಡನೆಯದು ಬಂತು. ಹನ್ನೊಂದನೆಯದರಲ್ಲಿ ಸರಿಯುತ್ತರ ಒತ್ತಿದರೂ ಯಂತ್ರ 'ತಪ್ಪು' ಎಂದಿತು. ನಾನು ಮುಂದೆ ಹೆಜ್ಜೆಯಿಡುವಷ್ಟರಲ್ಲಿ ಪ್ರಾಧ್ಯಾಪಕರು ಕೈಯೆತ್ತಿ ನನ್ನನ್ನು ತಡೆದರು.

"ನೀವು ಸುಮ್ನಿರಿ ಮೇಡಂ. ಅವಳು ನೋಡ್ಲಿ."

ಅಣ್ಣಮ್ಮ ಪ್ರೋಗ್ರಾಮನ್ನು ನಿಲ್ಲಿಸಿ ಸಾಲುಗಳನ್ನು ಪರದೆಗೆ ತಂದಳು. ತುಟಿ ಅಲುಗುತ್ತಿತ್ತು. ಮನಸ್ಸಿನಲ್ಲೇ ರಾಗ ಹೇಳಿಕೊಳ್ಳುತ್ತಿದ್ದಳು. "ಆರ್ನೂರ ಮೂವತ್ತು ಆದ್ಮೇಲೆ ಆರ್ನೂರ ಐವತ್ತಿದೆ ಸಾರ್. ಆರ್ನೂರ ನಲವತ್ತು ಬಿಟ್ಟೋಗಿದೆ" ಎಂದಳು. ಅಲ್ಲೇ ಒತ್ತಿ ಸೇರಿಸಿ, ಮತ್ತೆ ಓಡಿಸಿದಳು. ಈ ಸಲ ಸರಿ ಬಂತು.

ಕೂತಿದ್ದ ಇಬ್ಬರೂ ಎದ್ದು ಬಂದರು.

"ಬಾಯಿಪಾಠ ಮಾಡಿದೀಯಾ?" ಎಂದು ಪ್ರಾಧ್ಯಾಪಕರು ಕೇಳಿದರು.

"ಹೂಂ ಸಾರ್."

"ಅರ್ಥ? ಮೆಮೊರಿ ಅಂದ್ರೆ ಏನು, ನಿನ್ ಮಾತಲ್ಲಿ ಹೇಳು."

ನಾನು ಕಲಿಸಿದ್ದು ಕರಿಹಲಗೆಯ ಉದಾಹರಣೆ. ಅವಳು ಅದನ್ನು ಹೇಳಲಿಲ್ಲ. "ಬಾಗಿಲ ಮುಂದೆ ಹಾಕೋ ರಂಗೋಲಿ ಸಾರ್. ನೀರು ಹಾಕಿದ್ರೆ ಹೋಗುತ್ತೆ. ರಂಗೋಲಿ ಪುಸ್ತಕದಲ್ಲಿ ಬರ್ಕೊಂಡಿದ್ರೆ ಅದು ಹೋಗಲ್ಲ, ನೋಡ್ಕೊಂಡು ಮತ್ತೆ ಹಾಕ್ಬೋದು. ಮಿಷಿನ್‌ಗೆ ಕರೆಂಟ್ ಹೋಗೋದೇ ನೀರು ಹಾಕ್ದಂಗೆ. ಇವತ್ ಬೆಳಿಗ್ಗೇನೂ ಹೋಯ್ತು ಸಾರ್. ಮತ್ತೆ ಮೊದ್ಲಿಂದ ಹೊಡುದ್ವಿ."

"ಮೊದ್ಲಿಂದ ಯಾಕೆ? ಕ್ಯಾಸೆಟ್ಟಿರ್ಲಿಲ್ವಾ?"

ಅಣ್ಣಮ್ಮ ನನ್ನ ಕಡೆ ನೋಡಿದಳು. ಸಿದ್ದಲಿಂಗಯ್ಯನವರೂ ನೋಡಿದರು. ಶಂಭುಲಿಂಗಪ್ಪನವರ ಕೈಯಲ್ಲಿ ಟೇಪ್‌ರೆಕಾರ್ಡರು ಹಾಗೇ ಇತ್ತು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ, ಹೇಳಿದರೂ ಮುಖ ಹೇಳಿಬಿಡುತ್ತದೆ. ನಿಜ ಹೇಳಲು ಬಾಯಿ ತೆರೆದೆ.

"ಟೇಪ್‌ರೆಕಾರ್ಡರ್ ಅಲ್ಮೆರಾದೊಳಗಿತ್ತು ಸಾರ್" ಎಂದ ಚಲುವರಾಜು, ಹಿಂದಿನಿಂದ. "ಅಲ್ಮೆರಾ ಹತ್ತೂಕಾಲಿಗೆ ಬರುತ್ತೆ."

ಪ್ರಾಧ್ಯಾಪಕರು ಮೊದಲು ನಕ್ಕರು, ಆಮೇಲೆ ಮುಖ್ಯೋಪಾಧ್ಯಾಯರು, ಕೊನೆಗೆ ಬೇರೆ ದಾರಿಯಿಲ್ಲದೆ ಶಂಭುಲಿಂಗಪ್ಪನವರು. ಯಾರೂ ಮತ್ತೆ ಕೇಳಲಿಲ್ಲ. ಪ್ರಾಧ್ಯಾಪಕರು ಅಣ್ಣಮ್ಮನ ನೋಟ್‌ಬುಕ್ಕನ್ನು ತಿರುವಿ ನೋಡಿ, ಅಧಿಕಾರಿಗಳ ಕಡೆ ತಿರುಗಿ ಹೇಳಿದರು: "ಇಲ್ಲಿಂದ ತಗೊಂಡು ಹೋಗೋದು ಬೇಡ. ಕೆಟ್ಟಿರೋದನ್ನ ರಿಪೇರಿ ಮಾಡಿಸ್ಕೊಡಿ."

ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ನಾನು ಮುಖ್ಯೋಪಾಧ್ಯಾಯರ ಕೋಣೆಯ ಕಡೆ ನಡೆದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೊರಟಿದ್ದೆ. ಕ್ಯಾಸೆಟ್ಟು ಮನೆಗೆ ಒಯ್ದದ್ದು, ಅಳಿಸಿಹೋದದ್ದು, ಹುಡುಗ ನನ್ನನ್ನು ಕಾಪಾಡಿದ್ದು. ಹದಿನಾಲ್ಕು ವರ್ಷದವನ ಹಿಂದೆ ಅಡಗಿಕೊಳ್ಳುವುದು ನನಗೆ ಹಿಡಿಸಲಿಲ್ಲ. ಬಾಗಿಲ ಪರದೆಯ ಹತ್ತಿರ ಬಂದಾಗ ಒಳಗೆ ಮಾತು ನಡೆಯುತ್ತಿತ್ತು.

"ಇನ್ಮೇಲೆ ಆ ರೂಮಿನ ಬೀಗದ ಕೈ ನನ್ನ ಹತ್ರ ಇರ್ಲಿ ಸಾರ್" ಎನ್ನುತ್ತಿದ್ದರು ಶಂಭುಲಿಂಗಪ್ಪನವರು. "ಮಕ್ಕಳು ಮುಟ್ಟಿ ಮುಟ್ಟಿ ಏನಾದ್ರೂ ಆದ್ರೆ? ವಾರಕ್ಕೊಂದಿನ ತೆಗೆದು ತೋರಿಸಿದ್ರೆ ಸಾಕು."

"ಬೇಡ ಕಣ್ರಿ. ಪಂಕಜಾ ಮೇಡಂ ಹತ್ರಾನೇ ಇರ್ಲಿ. ಅವ್ರ ಕೈಗೆ ಕೊಟ್ಟಿದ್ದು ಯಾವ್ದೂ ಹಾಳಾಗಲ್ಲ."

"ಅದೇನೋ ನಿಜ ಅನ್ನಿ. ಒಂದು ಸಣ್ಣ ಲೋಪ ಕಂಡಿದ್ರೂ ನಾನು ಬಿಡ್ತಿರ್ಲಿಲ್ಲ."

ನಾನು ಪರದೆಯನ್ನು ಸರಿಸಲಿಲ್ಲ. ಒಳಗೆ ಹೋಗಿ ನಿಜ ಹೇಳಿದರೆ ನನ್ನ ಮನಸ್ಸು ಹಗುರವಾಗುತ್ತದೆ, ಕೋಣೆಗೆ ಬೀಗ ಬೀಳುತ್ತದೆ. ಸೋಮವಾರದಿಂದ ಮಕ್ಕಳು ವಾರಕ್ಕೊಮ್ಮೆ ಕೈಕಟ್ಟಿ ನಿಂತು ಯಂತ್ರವನ್ನು ನೋಡುತ್ತಾರೆ. ಅಣ್ಣಮ್ಮನ ಬೆರಳು ಅಕ್ಷರಗಳ ಜಾಗವನ್ನು ಮರೆಯುತ್ತದೆ.

ಮನೆಯಲ್ಲಿ ಹೇಳುವುದೂ ಸಾಧ್ಯವಿರಲಿಲ್ಲ. ಯಜಮಾನರಿಗೆ ಹೇಳಿದರೆ ಅತ್ತೆಗೆ ಗೊತ್ತಾಗುತ್ತದೆ. ಆಮೇಲೆ ತಮ್ಮಿಂದ ಹಾಳಾಯಿತೆಂಬ ನೋವಿನಲ್ಲಿ ಮದುವೆಯಲ್ಲಿ ಅವರು ಆ ಪದ ಹೇಳಲಾರರು.

ನಾನು ಸದ್ದಾಗದಂತೆ ಹಿಂದಕ್ಕೆ ತಿರುಗಿದೆ. ಕಂಪ್ಯೂಟರ್ ಕೋಣೆಯಲ್ಲಿ ಪ್ರೋಗ್ರಾಂ ಇನ್ನೂ ಯಂತ್ರದಲ್ಲೇ ಇತ್ತು. ಕರೆಂಟು ಹೋಗುವ ಮುಂಚೆ ಅದನ್ನು ಕ್ಯಾಸೆಟ್ಟಿನ ಇನ್ನೊಂದು ಬದಿಗೆ ಇಳಿಸಬೇಕಿತ್ತು. ಇಳಿಸಲು ಕೂತೆ. ಯಾರಿಗೂ ಹೇಳುವುದಿಲ್ಲ ಎಂದು ಅಷ್ಟರಲ್ಲಿ ಗಟ್ಟಿಮಾಡಿಕೊಂಡಿದ್ದೆ.