ಜೇಬಿನಲ್ಲಿ ಸಿಕ್ಕ ಕಾಗದ

ಆರನೆಯ ಕೋಟಿನ ಒಳಜೇಬಿಗೆ ಕೈ ಹಾಕಿದಾಗ ಅವಳ ಬೆರಳಿಗೆ ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ಅದಕ್ಕೆ ಮೊದಲಿನ ಐದು ಕೋಟುಗಳಲ್ಲಿ ಸಿಕ್ಕಿದ್ದು ಎರಡು ಬಸ್ ಟಿಕೆಟ್, ಮೂಗು ಸೀಟಿ ಮುದುಡಿಟ್ಟ ಕರವಸ್ತ್ರ, ಯಾರೋ ಅಗಿದು ಸುತ್ತಿಟ್ಟ ಚೂಯಿಂಗ್ ಗಮ್. ಅವನ್ನೆಲ್ಲ ಇಕ್ಕಳದಲ್ಲಿ ಹಿಡಿದು ಬುಟ್ಟಿಗೆ ಎಸೆದಿದ್ದಳು. ಕಾಗದವನ್ನು ಹಾಗೆ ಎಸೆಯುವಂತಿಲ್ಲ. ಮಡಿಕೆ ಬಿಚ್ಚದೆ ಕಂದು ಲಕೋಟೆಯೊಳಗೆ ತಳ್ಳಿ, ಬಾಯಿ ಅಂಟಿಸಿ, ಕೋಟಿನ ಚೀಟಿಯಲ್ಲಿದ್ದ ನಂಬರನ್ನೇ ಅದರ ಮೇಲೂ ಬರೆದು ಪಿನ್ನು ಚುಚ್ಚಿದಳು. ಲಾಂಡ್ರಿ ಇಟ್ಟು ಇಪ್ಪತ್ತೆರಡು ವರ್ಷ. ಜೇಬಿನಲ್ಲಿ ಸಿಕ್ಕ ಕಾಗದವನ್ನು ಅವಳು ಒಂದು ಸಲವೂ ಬಿಚ್ಚಿ ಓದಿದವಳಲ್ಲ. ಜನ ತಮ್ಮ ಬೆವರು, ರಕ್ತ, ಮಕ್ಕಳ ವಾಂತಿ ಎಲ್ಲವನ್ನೂ ತಂದು ಕೌಂಟರಿನ ಮೇಲೆ ಸುರಿಯುತ್ತಾರೆ; ಕಾಗದವನ್ನೂ ನೋಡಿಬಿಟ್ಟರೆ ಪಾಪ ಅವರಿಗೆ ಅಂತ ಉಳಿಯುವುದೇನು?

ಫೋನು ಬಡಿದುಕೊಂಡಿತು. ಇಸ್ತ್ರಿಯಣ್ಣ. ಬೇರೆ ಊರಿನಲ್ಲಿ ದೊಡ್ಡ ಲಾಂಡ್ರಿ ನಡೆಸುವವನು, ಇವಳಿಗಿಂತ ಹತ್ತು ವರ್ಷ ಚಿಕ್ಕವನು, ಆದರೂ ಎಲ್ಲರ ಬಾಯಲ್ಲೂ ಅಣ್ಣ.

"ಅಕ್ಕ, ಇವತ್ತಾದ್ರೂ ಹೇಳ್ತೀರಾ? ಮಧ್ಯಾಹ್ನದೊಳಗೆ ಬೇಕು."

"ಕೋಟು ನೋಡ್ತಾ ಇದೀನಪ್ಪ."

"ಕೋಟು ಎಲ್ಲಿಗೂ ಓಡಿಹೋಗಲ್ಲ. ಎಪ್ಪತ್ತೆರಡು ಓಟು ಆ ಕಡೆ, ಎಪ್ಪತ್ತೆರಡು ಈ ಕಡೆ. ನೀವು ಹೂಂ ಅಂದ್ರೆ ಫೋರಂ, ಊಹೂಂ ಅಂದ್ರೆ ಅದೇ ಹಳೇ ಈಮೇಲು. ನೀವೋ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರಿ."

ಗುಂಪು ಶುರುವಾಗಿ ಹದಿಮೂರು ವರ್ಷವಾಗಿತ್ತು. ಬಟ್ಟೆಯ ಕಲೆ ತೆಗೆಯುವವರ ಗುಂಪು. ಅಲ್ಲಲ್ಲಿ ಅಂಗಡಿ ಇಟ್ಟುಕೊಂಡ ನೂರ ಅರವತ್ತು ಜನ, ಮುಕ್ಕಾಲು ಪಾಲು ಹೆಂಗಸರು. ಒಂದು ವಿಳಾಸಕ್ಕೆ ಈಮೇಲು ಹಾಕಿದರೆ ಅಷ್ಟೂ ಜನರ ಪೆಟ್ಟಿಗೆಗೆ ಹೋಗಿ ಬೀಳುತ್ತಿತ್ತು. ತುಕ್ಕಿನ ಕಲೆಗೆ ಏನು ಹಾಕಲಿ, ರೇಷ್ಮೆಗೆ ಶಾಯಿ ಚೆಲ್ಲಿದೆ, ಮೇಣ ಹೇಗೆ ಎಬ್ಬಿಸಲಿ. ಆ ಈಮೇಲು ಪಟ್ಟಿ ನೋಡಿಕೊಳ್ಳುವವಳು ಇವಳೇ. ಯಾರನ್ನು ಸೇರಿಸಬೇಕು, ಯಾರ ಜಾಹೀರಾತನ್ನು ತಡೆಯಬೇಕು ಎಲ್ಲ ಇವಳ ತಲೆಗೇ. ಈಗ ಇಸ್ತ್ರಿಯಣ್ಣ ಜಾಲತಾಣದಲ್ಲಿ ಫೋರಂ ಕಟ್ಟಿ, ಹಳೆಯ ಪತ್ರಗಳನ್ನೆಲ್ಲ ಪರೀಕ್ಷೆಗೆಂದು ಅದಕ್ಕೆ ತುಂಬಿ, ಎಂಟು ದಿನದ ಹಿಂದೆ ಒಂಬತ್ತು ಜನರ ಕೈಗೆ ಕೊಟ್ಟಿದ್ದ. ಕಲೆಗೊಂದು ಕೋಣೆ, ಬಟ್ಟೆಗೊಂದು ಕೋಣೆ, ಫೋಟೋ ಹಾಕಬಹುದು, ಹುಡುಕಿದರೆ ಸಿಗುತ್ತದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ತುಕ್ಕಿನ ಬಗ್ಗೆ ಒಂದೇ ಪ್ರಶ್ನೆಗೆ ನಾನೂರು ಸಲ ಉತ್ತರ ಬರೆದು ಇವಳ ಬೆರಳು ಸವೆದಿತ್ತು. ಹಿಂದಿನ ಹದಿನೆಂಟು ಪತ್ರಗಳನ್ನು ಬಾಲದಂತೆ ಕಟ್ಟಿಕೊಂಡು, ಮೇಲೆ 'ಧನ್ಯವಾದ' ಅಂತ ಒಂದೇ ಪದ ಬರೆದು ನೂರ ಅರವತ್ತು ಮನೆಗೆ ಕಳಿಸುವ ಮಹಾಶಯರೂ ಇದ್ದರು. ಇನ್ನೊಂದು ಕಡೆಯವರು, "ಪತ್ರ ಮನೆ ಬಾಗಿಲಿಗೆ ಬರೋದು ಬಿಟ್ಟು ನಾವೇ ಪೇಟೆಗೆ ಹೋಗಿ ಹುಡುಕಬೇಕಾ?" ಎಂದು ಕಾಲು ಕೆರೆದು ನಿಂತಿದ್ದರು.

ಇವಳು ಬಾಯಿ ಬಿಡದೆ ಕೂತದ್ದಕ್ಕೆ ಕಾರಣ ಅದಾವುದೂ ಅಲ್ಲ. ಆರು ವರ್ಷದ ಹಿಂದಿನ ಒಂದು ಪತ್ರ.

"ಹಳೇ ಪತ್ರ ಒಂದೊಂದಕ್ಕೂ ಟಿಕ್ ಇದೆ ಅಕ್ಕ," ಎಂದ ಇಸ್ತ್ರಿಯಣ್ಣ. "ಬೇಡ ಅನ್ನಿಸಿದ್ದರ ಟಿಕ್ ತೆಗೆದುಬಿಡಿ. ಉಳಿದದ್ದು ಯಾರು ಬೇಕಾದ್ರೂ ಓದೋ ಹಾಗೆ ಹೋಗುತ್ತೆ. ಸದಸ್ಯರೇ ಆಗಬೇಕು ಅಂತಿಲ್ಲ."

ಫೋನಿಟ್ಟಳು. ಒಳಗಿನ ಇಸ್ತ್ರಿ ಮೇಜಿನಿಂದ ಗಂಡ ಬಂದ. ಹೆಗಲ ಮೇಲೆ ಆ ಟವೆಲ್. ಅದರ ತುದಿಯಿಂದ ಕತ್ತು ಒರೆಸಿದ, ಅದೇ ತುದಿಯಿಂದ ಕಿವಿಯೊಳಗೆ ತಿರುವಿದ, ಏನು ಬಂತೆಂದು ನೋಡಿದ, ಮತ್ತೆ ಅದರಲ್ಲೇ ಬಾಯಿ ಒರೆಸಿಕೊಂಡ.

"ಏನಂತೆ ನಿಮ್ಮ ಸಂಘ? ಫೋರಂ ಆಗುತ್ತಂತಾ?"

"ಗೊತ್ತಿಲ್ಲ ರೀ."

"ಆಗ್ಲಿ ಬಿಡೇ. ಈಮೇಲಾದ್ರೆ ನೀನೊಬ್ಬಳೇ ಓದ್ತೀಯ. ಫೋರಂ ಆದ್ರೆ ನಾನೂ ಕೂತು ನೋಡ್ತೀನಿ, ನಮ್ಮಾಕೆ ಲೋಕಕ್ಕೆಲ್ಲ ಏನು ಬುದ್ಧಿ ಹೇಳ್ತಾಳೆ ಅಂತ." ನಕ್ಕು, ಗಂಟಲು ಕ್ಯಾಕರಿಸುತ್ತ ಒಳಗೆ ಹೋದ. ತೊಟ್ಟಿಗೆ ಉಗುಳಿದ ಸದ್ದು ಒಳಗಿನಿಂದ ಕೇಳಿತು. ನಲ್ಲಿ ತಿರುಗಿಸಿದ ಸದ್ದು ಕೇಳಲಿಲ್ಲ.

ಅವಳು ಆ ಕಡೆಗೆ ಬೆನ್ನು ತಿರುಗಿಸಿ ಕೂತಳು.

ಆ ಪತ್ರದಲ್ಲಿ ಇದ್ದದ್ದೂ ಇದೇ ಹೇಸಿಗೆ. ಗುಂಪಿನ ಹಿರಿಯಳು, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡಕ್ಕ, ಕಾಲರಿನ ಬೆವರಿನ ಕಲೆ ತೆಗೆಯುವುದನ್ನು ಎಲ್ಲರಿಗೂ ವಿವರಿಸಿ ಬರೆದಿದ್ದಳು. ದೊಡ್ಡಕ್ಕನಿಗೆ ಮಾತ್ರ ಅಂದುಕೊಂಡು ಇವಳು ಅದಕ್ಕೆ ಉತ್ತರ ಬರೆದಳು. ಪಟ್ಟಿಯ ಗುಣವೇ ಅದು, ಉತ್ತರ ಒತ್ತಿದರೆ ಎಲ್ಲರಿಗೂ ಹೋಗುತ್ತದೆ. ಎಲ್ಲರಿಗೂ ಆ ಎಚ್ಚರ ಹೇಳುತ್ತಿದ್ದವಳು ತಾನೇ ಜಾರಿದ್ದಳು. ಹೋದ ಪತ್ರವನ್ನು ಹಿಂದಕ್ಕೆ ಎಳೆಯಲು ಹಗ್ಗವಿಲ್ಲ. ಎರಡು ದಿನ ಗಳಿಗೆಗೊಮ್ಮೆ ಈಮೇಲು ತೆರೆದು ನೋಡಿದಳು. ಮೂರನೆಯ ದಿನ ಯಾರೋ ಶಾಯಿಯ ಬಗ್ಗೆ ಕೇಳಿದರು, ಇನ್ನಾರೋ ಉತ್ತರಿಸಿದರು. ಪತ್ರದ ಬಗ್ಗೆ ಒಬ್ಬರೂ ತುಟಿ ಪಿಟಕ್ ಎನ್ನಲಿಲ್ಲ. ಅವಳಿಗೆ ಅರ್ಥವಾಯಿತು: ಎಲ್ಲರೂ ಕಸುಬಿನವರು. ಜೇಬಿನ ಕಾಗದವೆಂದು ತಿಳಿದು ಮಡಿಕೆ ಬಿಚ್ಚದೆ ಪಕ್ಕಕ್ಕಿಟ್ಟಿದ್ದಾರೆ. ಅವತ್ತು ಸ್ನಾನದ ಮನೆಯಲ್ಲಿ ನಿಂತು ಅತ್ತಿದ್ದಳು. ಆಮೇಲಿನ ಆರು ವರ್ಷ ಆ ಋಣಕ್ಕೇ ಎಂಬಂತೆ ಯಾರು ಏನು ಕೇಳಿದರೂ ಇಲ್ಲವೆನ್ನಲಿಲ್ಲ.

ಆ ಒಂದು ಪತ್ರದ ಟಿಕ್ ತೆಗೆದು ಹೂಂ ಅಂದರಾಯಿತು. ಹಾಗಂದುಕೊಂಡೇ ಕೌಂಟರಿನ ಕಂಪ್ಯೂಟರಿನಲ್ಲಿ ಮೊದಲ ಸಲ ಫೋರಂ ತೆರೆದಳು. ಮುಖಪುಟದ ಬಲಗಡೆ ಒಂದು ಚೌಕ: 'ಅತಿ ಹೆಚ್ಚು ಓದಿದ ಪತ್ರಗಳು'. ತುಕ್ಕಿಗೆ ಹನ್ನೊಂದು. ಮೇಣಕ್ಕೆ ಎಂಟು. ಅವೆರಡರ ಮೇಲೆ, ಎಲ್ಲಕ್ಕಿಂತ ಮೇಲೆ, 'ಉತ್ತರ: ಕಾಲರಿನ ಬೆವರು'. ಬರೆದವರ ಹೆಸರಿನ ಜಾಗದಲ್ಲಿ ಅವಳ ಹೆಸರು. ಓದಿದ ಸಲ: ಇನ್ನೂರ ಹದಿನಾಲ್ಕು.

ಒಂಬತ್ತು ಜನ. ಎಂಟು ದಿನ.

ಯಂತ್ರದ ತಪ್ಪಿರಬೇಕು ಎಂದುಕೊಂಡಳು. ಕೆಳಗೆ 'ಈಗ ಓದುತ್ತಿರುವವರು' ಎಂದಿತ್ತು. ಅದರ ಪಕ್ಕ ದುಂಡಗಿನ ಚೌಕಟ್ಟಿನಲ್ಲಿ ಕನ್ನಡಕ ಹಾಕಿ ನಗುತ್ತಿದ್ದ ದೊಡ್ಡಕ್ಕನ ಮುಖ.

ಅವಳು ಫೋನು ಮಾಡಿದಳು.

"ಏನೇ, ಬೆಳಬೆಳಿಗ್ಗೆ?" ದೊಡ್ಡಕ್ಕನ ದನಿ ಬೆಣ್ಣೆಯಂತಿತ್ತು. "ನಿಮ್ಮ ಯಜಮಾನ್ರು ಹೇಗಿದಾರೆ?"

ಆರು ವರ್ಷದಿಂದ ದೊಡ್ಡಕ್ಕ ಪ್ರತಿ ಸಲವೂ ಮೊದಲು ಕೇಳುತ್ತಿದ್ದದ್ದು ಇದನ್ನೇ. ಎಷ್ಟು ಅಕ್ಕರೆ ಎಂದು ಇವಳು ಕರಗುತ್ತಿದ್ದಳು. ಇವತ್ತು ಆ ದನಿಯಲ್ಲಿ ನಾಲಿಗೆ ಚಪ್ಪರಿಸುವುದು ಕೇಳಿಸಿತು.

"ಚೆನ್ನಾಗಿದಾರೆ. ಅಕ್ಕ, ನನ್ನದೊಂದು ಪತ್ರ ತಪ್ಪಿ ಎಲ್ಲರಿಗೂ ಹೋಗಿತ್ತು, ನೆನಪಿದೆಯಾ?"

"ಯಾವ್ದೇ? ಓ, ಅದಾ! ಅಯ್ಯೋ, ನಾನು ಅವತ್ತೇ ಓದದೆ ಅಳಿಸಿಬಿಟ್ಟೆ ಕಣೇ. ಇನ್ನೊಬ್ಬರ ಜೇಬಿನ ಕಾಗದ ಓದೋರಾ ನಾವು?"

"ಬೇರೆಯವರು?"

"ಯಾರೂ ನೋಡಿರಲ್ಲ ಬಿಡು. ಅವರವರ ತಾಪತ್ರಯ ಅವರವರಿಗೆ. ಏನು ಬರೆದಿದ್ದೆ ಅಂತ ನೀನೇ ಮರೆತಿರ್ತೀಯ."

ಪರದೆಯ ಮೇಲೆ ಇನ್ನೂರ ಹದಿನಾಲ್ಕು ಹೋಗಿ ಇನ್ನೂರ ಹದಿನೈದಾಯಿತು. ದೊಡ್ಡಕ್ಕನ ದುಂಡು ಮುಖ ಅಲ್ಲೇ ನಗುತ್ತಿತ್ತು.

"ಹೌದಕ್ಕ, ಮರೆತಿದೀನಿ," ಎಂದು ಫೋನಿಟ್ಟಳು.

ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಮತ್ತೊಮ್ಮೆ ತೊಳೆದಳು. ವಾಂತಿ ಮೆತ್ತಿದ ಬಟ್ಟೆಗಳನ್ನು ಬಿಚ್ಚುವಾಗಲೂ ಇಷ್ಟು ಅಸಹ್ಯ ಅನ್ನಿಸಿರಲಿಲ್ಲ. ಓದಿದರೆಂಬುದಲ್ಲ, ಒಮ್ಮೆ ಓದಿ ಬಿಟ್ಟಿದ್ದರೆ ಮನುಷ್ಯರ ಚಪಲ ಎನ್ನಬಹುದಿತ್ತು. ಇವರು ನೆಕ್ಕಿದ ತಟ್ಟೆಯನ್ನೇ ಮತ್ತೆ ಮತ್ತೆ ನೆಕ್ಕಿದ್ದರು, ಬಾಯಿ ಒರೆಸಿಕೊಂಡು ಯಜಮಾನರು ಹೇಗಿದ್ದಾರೆ ಎಂದು ಕೇಳಿದ್ದರು. ಎಲ್ಲಕ್ಕಿಂತ ಹೇಸಿಗೆಯೆನಿಸಿದ್ದು ತನ್ನ ಆರು ವರ್ಷದ ಕೃತಜ್ಞತೆ.

ತೊಟ್ಟಿಯ ಮೂಲೆಯಲ್ಲಿ ಕಫ ಹಾಗೇ ಅಂಟಿಕೊಂಡಿತ್ತು. ಎಂದಿನಂತೆ ನೀರು ಬಿಟ್ಟು ಹರಿಸಿದಳು.

ಬಂದು ಕೂತು ಪತ್ರ ತೆರೆದಳು. ಕಳಿಸಿದ ಮೇಲೆ ಅವಳೇ ಅದನ್ನು ಓದಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು.

'ಅಕ್ಕ, ನಿನ್ನ ಹತ್ತಿರ ಮಾತ್ರ ಹೇಳ್ತೀನಿ. ದಿನವಿಡೀ ಊರವರ ಕೊಳೆ ಮುಟ್ಟಿದರೂ ನನಗೇನೂ ಅನಿಸಲ್ಲ. ಇವರ ಒದ್ದೆ ಟವೆಲ್ ಮುಟ್ಟಿದರೆ ವಾಕರಿಕೆ ಬರುತ್ತೆ. ಇವರು ಮೈ ಮುಟ್ಟಿದರೆ ಯಾವಾಗ ಎದ್ದು ಹೋಗಿ ತೊಳ್ಕೊಳ್ತೀನೋ ಅನಿಸುತ್ತೆ. ಹೇಳೋಕೆ ಹೋದರೆ ನಗ್ತಾರೆ. ಕೆಟ್ಟವರಲ್ಲ ಅಕ್ಕ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಎಲ್ಲರಿಗೂ ಹೇಳಬಹುದಿತ್ತು.'

ನಾಚಿಕೆಯಾಗಬಹುದೆಂದು ಕಾದಳು. ಆಗಲಿಲ್ಲ. ಒಂದು ಸಾಲೂ ಸುಳ್ಳಿರಲಿಲ್ಲ, ಒಂದು ಪದವೂ ಹೆಚ್ಚಿರಲಿಲ್ಲ. ನೂರ ಅರವತ್ತು ಜನರಿಗೆ ಗೊತ್ತಿದ್ದ ಈ ಮಾತು ಗೊತ್ತಿಲ್ಲದೆ ಇದ್ದದ್ದು ಒಬ್ಬನಿಗೆ, ಒಳಗೆ ಇಸ್ತ್ರಿ ಹಾಕುತ್ತಿದ್ದವನಿಗೆ.

ಪತ್ರದ ಪಕ್ಕದಲ್ಲಿ ಟಿಕ್ ಇತ್ತು. ಮೌಸಿನ ಬಾಣವನ್ನು ಅದರ ಮೇಲೆ ತಂದು ನಿಲ್ಲಿಸಿದಳು. ತೆಗೆದರೆ ಅವನ ಕಣ್ಣಿಗೆ ಬೀಳುವುದಿಲ್ಲ. ಉಳಿದವರ ಪೆಟ್ಟಿಗೆಗಳಲ್ಲಿ ಅದು ಕೂತೇ ಇರುತ್ತದೆ, ಫೋನಿನಲ್ಲಿ ಬೆಣ್ಣೆಯ ದನಿ ಕೇಳುತ್ತಲೇ ಇರುತ್ತದೆ, ತೊಟ್ಟಿಗೆ ನೀರು ಬಿಡುವವಳು ಬಿಡುತ್ತಲೇ ಇರುತ್ತಾಳೆ. ಎಷ್ಟು ಉಜ್ಜಿದರೂ ಹೋಗದ ಕಲೆಯನ್ನು ಮತ್ತೂ ಉಜ್ಜಿ ಬಟ್ಟೆಯನ್ನೇ ಹರಿಯುವ ಹೊಸಬರಿಗೆ ಅವಳು ಬೈಯುತ್ತಿದ್ದಳು.

ಬಾಣವನ್ನು ಹಾಗೇ ಹಿಂದಕ್ಕೆ ತಂದಳು. ಟಿಕ್ ಇದ್ದಲ್ಲೇ ಇತ್ತು. ಇಸ್ತ್ರಿಯಣ್ಣನಿಗೆ ಒಂದೇ ಸಾಲು ಬರೆದಳು: 'ಹೂಂ. ಫೋರಂ ಆಗಲಿ. ಪತ್ರ ಎಲ್ಲಾ ನೋಡಿದ್ದೀನಿ, ಯಾವುದನ್ನೂ ತೆಗೆಯೋದು ಬೇಡ.'

"ಏನಾಯ್ತೇ ಕೊನೆಗೆ?" ಗಂಡ ಒಳಗಿನಿಂದಲೇ ಕೂಗಿದ.

"ಫೋರಂ ಅಂತೆ."

"ಹಾಗಾದ್ರೆ ಸಂಜೆ ತೋರಿಸು, ಎಲ್ಲಿ ಒತ್ತಬೇಕು ಅಂತ."

"ತೋರಿಸ್ತೀನಿ," ಎಂದು ಏಳನೆಯ ಕೋಟಿನ ಜೇಬಿಗೆ ಕೈ ಹಾಕಿದಳು.