ಮೇಲಿನ ಚಕ್ಕುಬಂದಿ

ಹಳದಿ ತೊಟ್ಟಿಲು ಹೋಯಿತು, ಅದರ ಹಿಂದೆ ನೀಲಿ, ನೀಲಿಯಲ್ಲಿ ಇಬ್ಬರು ಗಂಡಸರು, ಒಬ್ಬನ ಟವೆಲು ಗಾಳಿಗೆ ಹಾರುತ್ತಿದೆ, ನನ್ನ ಹೆಂಡತಿ ಇನ್ನೂ ಇಲ್ಲ — ಆಕಾಶತೊಟ್ಟಿಲಿನ ರಾಟೆ ನಿಂತಿತು, ಗೋಡೆಯ ಆಚೆ ಜನ ಹತ್ತಿಸಿಕೊಳ್ಳುತ್ತಿದ್ದಾರೆ, ಆದೋನಿಯಿಂದ ಬಂದ ರಾಟೆಯವನು ಮೈಕಿನಲ್ಲಿ ತೆಲುಗಿನಲ್ಲೇ ಕೂರ್ಚೋಂಡಮ್ಮಾ, ಕೂರ್ಚೋಂಡಿ, ಭಯಂ ಲೇದು, ಕೂತುಕೊಳ್ಳಿ, ಹೆದರಿಕೆಯಿಲ್ಲ, ಎನ್ನುತ್ತಿದ್ದಾನೆ, ಅಮ್ಮಾ ಎಂದದ್ದು ಇವಳಿಗೇ ಇರಬೇಕು, ಪಕ್ಕದ ಮನೆಯ ಹಂಪಮ್ಮನ ನಗು ಕೇಳಿಸಿತು, ಆ ನಗುವಿಗೆ ಯಾವ ಗೋಡೆಯೂ ಲೆಕ್ಕಕ್ಕಿಲ್ಲ, ಹಂಪಮ್ಮ ಹತ್ತಿದಳೆಂದರೆ ಇವಳೂ ಹತ್ತಿದಳು, ಆಯಿತು, ಇನ್ನು ಒಂದೊಂದೇ ತೊಟ್ಟಿಲಿನಷ್ಟು ಮೇಲೆ ಬರುತ್ತಾಳೆ, ನೆತ್ತಿಗೆ ಬಂದಾಗ ಐದು ವರ್ಷದ ಮೇಲೆ ಚನ್ನವೀರಮ್ಮ ತನ್ನ ಮನೆಯ ಮಾಳಿಗೆಯನ್ನು ನೋಡುತ್ತಾಳೆ, ನಾನು ನಾಲ್ಕು ವರ್ಷದಿಂದ ಹೇಳಿಕೊಂಡು ಬಂದ ಸುಳ್ಳನ್ನೂ ನೋಡುತ್ತಾಳೆ, ಅವಳ ಗಂಡನಾದ ನಾನು, ಪತ್ರಬರಹಗಾರ ಕಾಡಸಿದ್ದಪ್ಪ, ಧೋತರ ಎತ್ತಿ ಕಟ್ಟಿ ಸುಣ್ಣದ ಬಕೀಟು ಹಿಡಿದು ಅದೇ ಮಾಳಿಗೆಯ ನಡುವೆ ನಿಂತಿದ್ದೇನೆ, ಕುಂಚದಿಂದ ಸುಣ್ಣ ಕಾಲ ಮೇಲೆ ತೊಟ್ಟಿಕ್ಕುತ್ತಿದೆ, ತಣ್ಣಗಿದೆ. ಇಪ್ಪತ್ತೆಂಟು ವರ್ಷ ಸಿರುಗುಪ್ಪದ ರಿಜಿಸ್ಟ್ರಾರ್ ಕಚೇರಿ ಮುಂದೆ ಬೇವಿನ ಗಿಡದ ಕೆಳಗೆ ಕೂತು ಬರೆದೆ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದು, ಕಾಲುವೆ ನೀರು ಬಂದ ಗದ್ದೆಗಳ ಕ್ರಯಪತ್ರ, ಪಾಲುಪತ್ರ, ದಾನಪತ್ರ, ಪ್ರತಿಯೊಂದಕ್ಕೂ ಚಕ್ಕುಬಂದಿ, ಪೂರ್ವಕ್ಕೆ ಇಂಥದ್ದು, ಪಶ್ಚಿಮಕ್ಕೆ ಇಂಥದ್ದು, ಈ ಮನೆಗೆ ಪೂರ್ವಕ್ಕೆ ಹಂಪಮ್ಮ, ಪಶ್ಚಿಮಕ್ಕೆ ಗಾಳೆಪ್ಪನ ಸೈಕಲ್ ಶಾಪು, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆಯ ಗೋಡೆ, ಇವುಗಳ ಮಧ್ಯೆ ಇರುವ ಮಾಳಿಗೆ ಮನೆ — ಮೇಲಕ್ಕೆ ಏನು ಎಂದು ಯಾವ ಪತ್ರದಲ್ಲೂ ಯಾರೂ ಬರೆದಿಲ್ಲ, ಮೇಲಕ್ಕೆ ಆಕಾಶ, ಅಲ್ಲಿಂದ ಒತ್ತುವರಿ ಮಾಡುವವರು ಯಾರು ಎಂದುಕೊಂಡಿದ್ದೆವು, ಜಿನ್ನು ಮುಚ್ಚಿತು, ಆ ಜಾಗದಲ್ಲಿ ವಿನೋದವನ ಎಂದು ಬೋರ್ಡು ಬಂತು, ಸಿಮೆಂಟಿನ ಆನೆ ಬಂತು, ಪುಟಾಣಿ ರೈಲು ಬಂತು, ಡೊಂಕು ಕನ್ನಡಿಗಳ ಕೋಣೆ ಬಂತು, ಕೊನೆಗೆ ಈ ರಾಟೆ ಎದ್ದಿತು, ಒತ್ತುವರಿ ಮೇಲಿಂದಲೇ ಆಯಿತು.

ಮತ್ತೆ ಒಂದು ತೊಟ್ಟಿಲಿನಷ್ಟು ಸರಿಯಿತು, ಹಸಿರು, ಖಾಲಿ. ಇವಳು ಕುರುಗೋಡಿನಿಂದ ಮದುವೆಯಾಗಿ ಬಂದದ್ದು ಸಾವಿರದ ಒಂಬೈನೂರ ಐವತ್ತೆರಡರಲ್ಲಿ, ಮನೆ ತುಂಬ ಜನ, ಅಪ್ಪ, ಅವ್ವ, ಇಬ್ಬರು ಸೋದರತ್ತೆಯರು, ಗಂಡ ಹೆಂಡತಿ ಎದುರುಬದುರು ನಿಂತು ಮಾತಾಡುವ ಪದ್ಧತಿಯಿಲ್ಲ, ಆ ಬೇಸಿಗೆ ಮಾಳಿಗೆಗೆ ಸುಣ್ಣಗಾರೆಯ ಗಚ್ಚು ಬಳಿಸಿದ್ದರು, ಅದು ಆರುವ ಮೊದಲೇ ಇವಳು ಒಡೆದ ಬಳೆಯ ಚೂರು ಹಿಡಿದು ಮೂಲೆಯಲ್ಲಿ ಚೌಕಾಬಾರದ ಮನೆ ಗೀಚಿಬಿಟ್ಟಳು, ಅಡ್ಡ ಐದು, ಉದ್ದ ಐದು, ಒಟ್ಟು ಒಂದು ಮೊಳ ಅಗಲ, ಅವ್ವ ಬೈದಳು, ಹೊಸಾ ಗಚ್ಚು ಕೆಡಿಸಿದೆಲ್ಲಬೇ, ನಿಮ್ಮೂರಾಗ ನೆಲ ಕಂಡ್ರ ಹಿಂಗ ಗೀರತೀರೇನು ಎಂದಳು, ಸಂಜೆ ಅವ್ವನೇ ಮೊದಲ ಆಟಕ್ಕೆ ಕೂತಳು, ಸೋತು ಎದ್ದಳು, ಆಮೇಲೆ ನನ್ನನ್ನು ಕಳಿಸಿದಳು. ಆಟದಲ್ಲಿ ಮಾತಾಡಬಹುದಿತ್ತು, ಹಾಕ್ರಿ, ಹಾಕೀನಿ, ಕಡದೆ ನೋಡ್ರಿ, ಇಷ್ಟೇ, ಹೊಸ ಸಂಸಾರಕ್ಕೆ ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಲಿಲ್ಲ. ನಾಲ್ಕು ಕವಡೆ, ಅವಳ ಕಾಯಿ ಹಸಿರು ಬಳೆಚೂರು, ನನ್ನವು ಹುಣಿಸೆಬೀಜ, ಅವಳು ಕವಡೆ ಹಾಕುವ ಮೊದಲು ಮುಷ್ಟಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ, ಕಣ್ಣು ಅರ್ಧ ಮುಚ್ಚಿ ಕೇಳುತ್ತಾಳೆ, ಏನು ಕೇಳ್ತಿ ಎಂದು ಒಮ್ಮೆ ಕೇಳಿದ್ದೆ, ಕವಡಿ ಏನು ಹೇಳ್ತಾವ ಅಂತ ಕೇಳಬೇಕ್ರಿ, ಸುಮ್ಮನ ಒಗದ್ರ ಅವಕ್ಕೂ ಸಿಟ್ಟು ಬರತೈತಿ ಎಂದಳು, ಅಪ್ಪ ತೀರಿದ ವರ್ಷ ಆಡಲಿಲ್ಲ, ಮಗ ಹುಟ್ಟಿದಾಗ ತೊಟ್ಟಿಲನ್ನು ಕಾಲಿನಿಂದ ತೂಗುತ್ತ ಆಡಿದಳು, ಕಿವಿಯ ಹತ್ತಿರ ಮುಷ್ಟಿ, ನಾನು ಸಿರುಗುಪ್ಪದ ಬಸ್ಸಿನ ಧೂಳು ತೊಳೆದುಕೊಂಡು ಮಾಳಿಗೆ ಹತ್ತಿದರೆ ಅಲ್ಲಿ ಅದೇ ಮುಷ್ಟಿ, ಹಿಂದೆ ಗುಡ್ಡ, ಗುಡ್ಡದ ಮೇಲೆ ಕೋಟೆ, ಕೋಟೆಯ ಮೇಲೆ ಸೂರ್ಯ. ಎಪ್ಪತ್ತೊಂಬತ್ತರಲ್ಲಿ ಕೊನೆಯ ಆಟ, ಅವಳಿಗೆ ಒಂದೇ ಕಾಯಿ ಉಳಿದಿತ್ತು, ನನ್ನದೂ ಒಂದೇ, ಅವಳ ಕಾಯಿಗಿಂತ ಸರಿಯಾಗಿ ನಾಲ್ಕು ಮನೆ ಮುಂದೆ, ನಾಲ್ಕರ ಚೌಕ ಬಿದ್ದರೆ ನನ್ನದು ಕಡಿದು ಮೊದಲ ಮನೆಗೆ ಹೋಗುತ್ತದೆ, ಅವಳದೇ ಸರದಿ, ಮುಷ್ಟಿ ಕಿವಿಯ ಹತ್ತಿರ ಹೋಗಿದೆ, ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಮಳೆಗಾಳಿ, ಒಣಹಾಕಿದ ಶಾವಿಗೆ ಬಾಚಿಕೊಳ್ಳುವ ಗಡಿಬಿಡಿ, ಒಂದೊಂದು ಕಾಯಿಯ ಮೇಲೂ ತೆಂಗಿನ ಚಿಪ್ಪು ಬೋರಲು ಹಾಕಿ ಮೇಲೊಂದು ಕಲ್ಲಿಟ್ಟಳು, ಆಟ ಹಿಂಗ ಇರಲಿ, ಯಾರೂ ಮುಟ್ಟಬ್ಯಾಡ್ರಿ, ನಾಳಿ ಬಂದು ನಿಮ್ಮನ್ನ ಕಡೀತೀನಿ ಎಂದು ಇಳಿದಳು, ಶಾವಿಗೆ ಹೊತ್ತು ಆ ಕಡಿದಾದ ಮೆಟ್ಟಿಲು ಇಳಿದವಳ ಮೊಣಕಾಲು ಅಂದಿನಿಂದ ಮೇಲೆ ಹತ್ತಲು ಒಪ್ಪಲಿಲ್ಲ.

ಮರುವರ್ಷ ಮಾಳಿಗೆ ಸೋರಿತು. ಅವಳು ತಂಗಿಯ ಬಾಣಂತನಕ್ಕೆ ಕುರುಗೋಡಿಗೆ ಹೋಗಿದ್ದಳು, ಗಾರೆ ಕೆಲಸದ ಸುಂಕಣ್ಣನಿಗೆ ಸಿಮೆಂಟು ತರಿಸಿಕೊಟ್ಟು ನಾನು ಸಿರುಗುಪ್ಪಕ್ಕೆ ಹೋದೆ, ಆ ಮೂಲೆಯೊಂದನ್ನು ಬಿಡು ಎಂದು ಹೇಳಬೇಕಿತ್ತು, ಊರಿನವರ ಆಸ್ತಿಗೆಲ್ಲ ಅಂಗುಲ ಬಿಡದೆ ಗಡಿ ಬರೆಯುವವನು ನನ್ನ ಮನೆಯ ಒಂದು ಮೊಳ ಜಾಗ ಹೇಳಲು ಮರೆತೆ, ಸಂಜೆ ಬಂದು ನೋಡಿದರೆ ಈ ಮೂಲೆಯಿಂದ ಆ ಮೂಲೆಯವರೆಗೆ ಬೂದು ಬಣ್ಣ, ನುಣ್ಣಗೆ, ಕನ್ನಡಿಯ ಹಾಗೆ, ಸುಂಕಣ್ಣ ಹೆಮ್ಮೆಯಿಂದ ನಿಂತಿದ್ದ, ಆ ಮೂಲ್ಯಾಗ ಭಾಳ ಬಿರುಕಿದ್ದವ್ರಿ, ಅಡ್ಡಡ್ಡ ಉದ್ದುದ್ದ, ನೀರು ಅಲ್ಲಿಂದನ ಇಳೀತಿತ್ತು, ಅದಕ್ಕ ಎರಡು ಕೈ ಜಾಸ್ತಿ ಬಳದೀನಿ ಎಂದ, ಇಪ್ಪತ್ತೆಂಟು ವರ್ಷದ ಆಟ ಅವನ ಕಣ್ಣಿಗೆ ಬಿರುಕು, ಬೈಯಲೂ ಆಗಲಿಲ್ಲ, ಪಾಪ, ಚಿಪ್ಪಿನ ಕೆಳಗಿದ್ದ ಬಳೆಚೂರು ಮತ್ತು ಹುಣಿಸೆಬೀಜ ತೆಗೆದಿಟ್ಟಿದ್ದ, ನಿಮ್ಮವೇನೋ ಸಾಮಾನ್ರಿ ಎಂದು ಕೈಗೆ ಕೊಟ್ಟ, ಅವು ಅಂದಿನಿಂದ ನನ್ನ ಕನ್ನಡಕದ ಡಬ್ಬಿಯಲ್ಲಿವೆ. ಕುರುಗೋಡಿನಿಂದ ಬಂದವಳು ಹೊಸ್ತಿಲಲ್ಲೇ ಕೇಳಿದಳು, ಏನ್ರಿ, ಮಾಳಿಗಿ ಸರಿ ಆತಂತ, ಆಟ ಹಂಗ ಐತಿಲ್ಲ — ಐತಿ ಎಂದೆ. ಒಂದೇ ಮಾತು, ಎರಡೇ ಅಕ್ಷರ, ಮಾರನೆಯ ದಿನ ತಿದ್ದಬಹುದಿತ್ತು, ಪತ್ರದಲ್ಲಾದರೆ ತಪ್ಪಿಗೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರೆ ಮುಗಿಯಿತು, ಬಾಯಿಮಾತಿಗೆ ಅಂಥ ಅನುಕೂಲವಿಲ್ಲ, ಆಮೇಲೆ ತಿಂಗಳಿಗೊಮ್ಮೆ ಚಿಪ್ಪು ಅದಾವೇನ್ರಿ, ಅದಾವು, ಕಲ್ಲು ಸರದಿಲ್ಲಲ್ಲ, ಇಲ್ಲ, ನಾ ಇಲ್ಲದಾಗ ನಿಮ್ಮ ಕಾಯಿ ಮುಂದ ನಡಸಬ್ಯಾಡ್ರಿ ಮತ್ತ, ಏ, ನಾ ಅಂಥಾವೇನಲೇ. ಬಟ್ಟೆ ಒಣಹಾಕಲು ದಿನಾ ಮೇಲೆ ಬರುವ ಸೊಸೆ ಕೊಟ್ರಮ್ಮನನ್ನು ಪಕ್ಕಕ್ಕೆ ಕರೆದು ಬೇಡಿಕೊಂಡೆ, ಮಾವಾರ, ನಾ ಸುಳ್ಳು ಹೇಳಂಗಿಲ್ರಿ, ಅತ್ತಿ ಕೇಳಿದ್ರ ಹೇಳಿಬಿಡ್ತೀನಿ, ಕೇಳದಿದ್ರ ಸುಮ್ಮನ ಇರ್ತೀನಿ ಎಂದಳು, ವಿಚಿತ್ರವೆಂದರೆ ಅತ್ತೆ ಅವಳನ್ನು ಒಮ್ಮೆಯೂ ಕೇಳಲಿಲ್ಲ, ನನ್ನನ್ನೇ ಕೇಳುತ್ತಿದ್ದಳು, ಯಾಕೆ ಎಂದು ನಾನು ಯೋಚಿಸಿಯೇ ಇಲ್ಲ, ಈಗ ಯಾಕೆ ಯೋಚಿಸುತ್ತಿದ್ದೇನೆ.

ಕಿರ್ ಎಂದಿತು, ಕಂದು ತೊಟ್ಟಿಲಿನ ಕೀಲು, ಎಣ್ಣೆ ಬೇಕು ಅದಕ್ಕೆ, ರಾಟೆಯ ವಿರುದ್ಧ ನಾನು ಬರೆದ ಅರ್ಜಿಯಲ್ಲಿ ಅದೂ ಒಂದು ಕಲಮು, ಒಂಬತ್ತನೆಯದು, ಸದರಿ ರಾಟೆಯ ಕರ್ಕಶ ಧ್ವನಿಯಿಂದ ನಿವಾಸಿಗಳ ವಿಶ್ರಾಂತಿಗೆ ಭಂಗ, ಎಷ್ಟು ಚಂದ ಬರೆದಿದ್ದೆ ಆ ಅರ್ಜಿಯನ್ನು, ಹದಿಮೂರು ಕಲಮು, ಧೂಳು, ದೀಪ, ಜನರೇಟರು, ಬೋರ್ ಹೊಡೆದ ಮೇಲೆ ಬಾವಿಯ ನೀರು ಇಳಿದದ್ದು, ಏಳನೆಯದಕ್ಕೆ ಓಣಿಯೇ ತಲೆದೂಗಿತು, ಮೇಲ್ಕಂಡ ಎತ್ತರದಿಂದ ಸೂರಿಲ್ಲದ ಬಚ್ಚಲುಗಳು ಕಾಣುವ ಕಾರಣ ಹೆಣ್ಣುಮಕ್ಕಳ ಮಾನಕ್ಕೆ ಧಕ್ಕೆ, ಗುಡ್ಡದ ಮೇಲಿನ ಕೋಟೆಯಿಂದ ಇನ್ನೂರು ವರ್ಷ ಅವೇ ಬಚ್ಚಲು ಕಾಣುತ್ತಿದ್ದವು ಎಂಬುದನ್ನು ನಾನು ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ, ನಲವತ್ತೊಂದು ಸಹಿ, ಸೋಮವಾರ ಮುನಸಿಪಾಲ್ಟಿಯ ವಿಚಾರಣೆಯಲ್ಲಿ ಅದನ್ನು ಕೊಟ್ಟು ರಾಟೆ ತೆಗೆಸಬೇಕು. ಇವಳು ಮಾತ್ರ ಸಹಿ ಹಾಕಲಿಲ್ಲ, ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು, ಎಲ್ಲಾರ ತ್ರಾಸೂ ಬರದೀರಿ, ಇದ್ರಾಗ ನಿಮ್ಮ ತ್ರಾಸು ಯಾವ್ದು ಅಂತ ಎಲ್ಲೂ ಇಲ್ಲಲ್ರಿ ಎಂದು ಮಡಚಿ ಕೊಟ್ಟಳು. ಮೂರು ತಿಂಗಳಲ್ಲಿ ಓಣಿ ರಾಟೆಗೆ ಒಗ್ಗಿತು, ಹಂಪಮ್ಮ ಬಚ್ಚಲಿಗೆ ತಟ್ಟಿ ಹಾಕಿಸಿ ಗೇಟಿನ ಮುಂದೆ ವಗ್ಗಾಣಿ ಮಿರ್ಚಿಯ ಅಂಗಡಿ ಇಟ್ಟಳು, ರೈಟ್ರಣ್ಣಾ, ಸಹಿ ಹಾಕೀನಿ ಖರೇ, ಆದ್ರ ಆ ಕಾಗದ ಕೊಡಬ್ಯಾಡ್ರಿ, ನಿಮಗ ಪುಣ್ಯ ಬರ್ತೈತಿ ಎಂದಳು, ಗಾಳೆಪ್ಪ ಸೈಕಲ್ ಸ್ಟ್ಯಾಂಡ್ ಮಾಡಿಕೊಂಡ, ಅಷ್ಟಕ್ಕೆ ಬಿಡದೆ ರಾಟೆಯಲ್ಲಿ ಕೂತವರು ಓದಲಿ ಎಂದು ತನ್ನ ಮಾಳಿಗೆಯ ಮೇಲೆ ಸುಣ್ಣದಿಂದ ಇಲ್ಲಿ ಪಂಕ್ಚರ್ ಹಾಕಲಾಗುವುದು ಎಂದು ಬರೆಸಿದ, ಅದನ್ನು ನೋಡಿ ಹಂಪಮ್ಮ ತನ್ನ ಮಾಳಿಗೆಯ ಮೇಲೆ ಮಿರ್ಚಿಯ ಚಿತ್ರ ಬರೆಸಿದಳು, ಅದು ದೋಣಿಯ ಹಾಗಿದೆ, ಹೆಂಗಸರು ಹಪ್ಪಳ ಒಣಹಾಕುವಾಗಲೂ ಒಳ್ಳೆಯ ಸೀರೆ ಉಡುತ್ತಾರೆ, ಸಂಜೆ ರಾಟೆಯ ಕಡೆ ಕೈ ಬೀಸುತ್ತಾರೆ, ಗುರುತಿಲ್ಲದ ಊರಿನವರು ಮೇಲಿಂದ ಕೈ ಬೀಸುತ್ತಾರೆ, ರೂಪನಗುಡಿಯ ಒಂದು ಕುಟುಂಬ ಮೇಲಿಂದಲೇ ಸಂಬಂಧ ನೋಡಿ ಓಣಿಯಲ್ಲಿ ಒಂದು ಮದುವೆಯೂ ಗೊತ್ತಾಗಿದೆ. ನಿನ್ನೆ ಊಟಕ್ಕೆ ಕೂತಾಗ ಇವಳೆಂದಳು, ನಾಳಿ ಹಂಪಮ್ಮನ ಜೋಡಿ ತೊಟ್ಟಲ ಹತ್ತಾಕ ಹೋಗ್ತೀನ್ರಿ. ಮೊಣಕಾಲು ಎಂದೆ. ಅದಕ್ಕ ಮೊಣಕಾಲು ಬೇಕಾಗಂಗಿಲ್ಲಂತ, ಕುಂತ್ರ ಸಾಕು, ತಾನ ಒಯ್ತೈತಿ, ಮ್ಯಾಲಿಂದ ನಮ್ಮ ಮಾಳಿಗಿ ಪೂರಾ ಕಾಣತೈತಂತ. ಅರ್ಜಿ ಬರದಾವನ ಹೆಂಡ್ತಿ ಹೋದ್ರ ಜನ ಏನಂದಾರು ಎಂದೆ. ಅದಕ್ಕ ನೀವು ಬರಬ್ಯಾಡ್ರಿ, ನೀವು ಮಾಳಿಗಿ ಮ್ಯಾಲ ನಿಂದರ್ರಿ, ಕೈ ಮಾಡ್ತೀನಿ.

ಬಂದಳು — ಕೆಂಪು ತೊಟ್ಟಿಲು, ಗೋಡೆಯ ಮೇಲೆ ಮೊದಲು ಹಂಪಮ್ಮನ ತುರುಬು, ಆಮೇಲೆ ಇವಳ ಕನ್ನಡಕ ಮಿಂಚಿತು, ನಿಂತಿತು, ಇನ್ನೂ ನಾಲ್ಕು ತೊಟ್ಟಿಲಿನ ದೂರ ನೆತ್ತಿಗೆ. ಇವಳು ಹೊಸ್ತಿಲು ದಾಟಿದ ಕೂಡಲೇ ಗಾಳೆಪ್ಪನಲ್ಲಿ ಉಳಿದಿದ್ದ ಸುಣ್ಣ ತಂದೆ, ಏನ್ ರೈಟ್ರಣ್ಣಾ, ನೀವೂ ಬೋರ್ಡು ಬರೀತೀರೇನು, ಕ್ರಯಪತ್ರ ಬರೆದುಕೊಡಲಾಗುವುದು ಅಂತ ಬರೀರಿ, ಚಲೋ ಗಿರಾಕಿ ಬರ್ತಾವ ಎಂದ, ಕುಂಚ ಹುಡುಕಲು ದೇವರ ಗೂಡಿನಲ್ಲಿ ಕೈ ಹಾಕಿದರೆ ಕುಂಚ ಸಿಕ್ಕಿತು, ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ಕವಡೆಯ ಚೀಲ ಇರಲಿಲ್ಲ, ಅವಸರದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಮೊಳದ ಮನೆ ಬರೆದರೆ ಅಷ್ಟು ದೂರಕ್ಕೆ ಕಾಣುವುದಿಲ್ಲ ಎಂದು ದೊಡ್ಡದಾಗಿ ಬರೆಯಲು ಹೊರಟೆ, ಹತ್ತಡಿ ಉದ್ದ ಹತ್ತಡಿ ಅಗಲ, ಅಡ್ಡ ಐದು, ಉದ್ದ ಐದು, ಬರೆದು ಮುಗಿಸಿ ಬೆನ್ನು ನೆಟ್ಟಗೆ ಮಾಡಿದಾಗಲೇ ಹೊಳೆದದ್ದು, ಇದು ಆ ಆಟವಲ್ಲ ಎಂದು ಅವಳಿಗೆ ನೆತ್ತಿಗೆ ಬರುವ ಮೊದಲೇ ಗೊತ್ತಾಗುತ್ತದೆ, ಖೋಟಾ ದಸ್ತಾವೇಜು ನೋಡಿದ ತಕ್ಷಣ ಹಿಡಿಯುವ ನಾನು ನನ್ನ ಖೋಟಾ ಪತ್ರವನ್ನು ಹತ್ತು ಪಟ್ಟು ದೊಡ್ಡ ಅಕ್ಷರದಲ್ಲಿ ಬರೆದು ಮುಗಿಲಿಗೆ ತೋರಿಸುತ್ತಿದ್ದೇನೆ, ನೀರು ಸುರಿದು ಅಳಿಸಬಹುದು, ಹೊತ್ತಿಲ್ಲ, ಮೂರು ತೊಟ್ಟಿಲು. ಅವಳ ಕಾಯಿಯ ಜಾಗದಲ್ಲಿ ಅವಳ ಹಿತ್ತಾಳೆಯ ಕೊಡ ಬೋರಲು ಹಾಕಿದೆ, ಇದ್ದಲ್ಲೇ, ಮನೆ ತಪ್ಪಿಲ್ಲ, ಅದು ಮಾತ್ರ ನಿಜ, ಆ ಆಟದ ಒಂದೊಂದು ಕಾಯಿಯ ಜಾಗವೂ ನನಗೆ ನೆನಪಿದೆ, ನನ್ನ ಕಾಯಿಗೆ ಇಡಲು ಏನೂ ಉಳಿದಿಲ್ಲ, ಬಕೀಟು ಇಟ್ಟರೆ ಬಕೀಟಿನ ಹಾಗೇ ಕಾಣುತ್ತದೆ, ಎರಡು ತೊಟ್ಟಿಲು, ಕೊಡದಿಂದ ಎಣಿಸಿದೆ, ಒಂದು, ಎರಡು, ಮೂರು, ನಾಲ್ಕು, ಆ ಮನೆಯಲ್ಲಿ ನಾನೇ ನಿಂತೆ. ಒಂದು ಹೆಜ್ಜೆ ಪಕ್ಕಕ್ಕೆ ಅಡ್ಡಗೀಟಿನ ಕಟ್ಟೆಮನೆ, ಅಲ್ಲಿ ಇದ್ದವರನ್ನು ಯಾರೂ ಕಡಿಯುವ ಹಾಗಿಲ್ಲ, ಒಂದೇ ಹೆಜ್ಜೆ, ಐದು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ, ಅಂಗೈಯಲ್ಲಿ ಸುಣ್ಣ ಸುಡುತ್ತಿದೆ, ಜೇಬಿನಲ್ಲಿ ಅರ್ಜಿ, ಅದರ ಮೇಲೂ ಸುಣ್ಣ, ಹದಿಮೂರೂ ಕಲಮು ಬೇರೆಯವರವು, ಸರಿಯಲಿಲ್ಲ, ಇಲ್ಲೇ ನಿಂತೆ. ರಾಟೆ ಸರಿಯಿತು. ನೆತ್ತಿ. ನಿಂತಿತು. ಹಂಪಮ್ಮ ಬಗ್ಗಿ ಕೈ ತೋರಿಸುತ್ತಿದ್ದಾಳೆ, ಅಕಾ ಅಲ್ಲಿ ನೋಡಕ್ಕಾ, ರೈಟ್ರಣ್ಣ ಏನ್ ಮಾಡ್ಯಾನ ನೋಡು, ಇಡೀ ಓಣಿಗೆ ಕೇಳುವಂತೆ, ಇವಳು ನಗುತ್ತಿಲ್ಲ, ಮುಖವನ್ನು ನಿಧಾನವಾಗಿ ಆ ಮೂಲೆಗೆ ತಿರುಗಿಸಿದಳು, ಬೂದು ಸಿಮೆಂಟಿನ ಮೂಲೆಗೆ, ಸರಿಯಾಗಿ ಅದೇ ಜಾಗಕ್ಕೆ, ಬಹಳ ಹೊತ್ತು, ಆಮೇಲೆ ಕೊಡಕ್ಕೆ, ಕೊಡದಿಂದ ಎಣಿಸುವವಳ ಹಾಗೆ ಗದ್ದ ಒಂದಿಷ್ಟು ಒಂದಿಷ್ಟೇ ಸರಿಯಿತು, ನನ್ನ ಮೇಲೆ ಬಂದು ನಿಂತಿತು, ಕೈ ಮಾಡ್ತೀನಿ ಎಂದಿದ್ದಳು, ಮಾಡಲಿಲ್ಲ, ಸೆರಗಿನ ಗಂಟಿಗೆ ಕೈ ಹೋಯಿತು, ಗಂಟು ಬಿಚ್ಚಿತು, ಚೀಲ, ಗೂಡಿನಲ್ಲಿ ಇರದಿದ್ದ ಚೀಲ, ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡು ಹೋಗಿದ್ದಳೇ ಹಾಗಾದರೆ, ಕವಡೆ ಹಿಡಿದ ಬಲಗೈ ಮೇಲೆದ್ದಿತು, ಅವಳದೇ ಸರದಿ, ಬಿಸಿಲು ಅದರ ಹಿಂದೆ, ಗುಡ್ಡ ಅದರ ಹಿಂದೆ, ಅಲ್ಲಾಡುತ್ತಿದೆ, ಇಲ್ಲಿಗೆ ಕೇಳಿಸುವುದಿಲ್ಲ, ಕೇಳಿಸುತ್ತಿದೆ, ಮುಷ್ಟಿ, ಕಿವಿಯ ಹತ್ತಿರ ಮುಷ್ಟಿ, ಇನ್ನೂ ಬಿಚ್ಚದ ಮುಷ್ಟಿ —