ಹಿಂದಿನಿಂದಲೋ, ಪಕ್ಕದಿಂದಲೋ

ಫ್ಯಾನಿನ ಒಂದು ರೆಕ್ಕೆ ಜೋತಿದೆ, ಅದಕ್ಕೇ ಈ ಟಕ್ ಟಕ್, ಮೂವತ್ತೊಂದು ವರ್ಷ ಇದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾದರೂ ವಾರ್ಡಿನ ಫ್ಯಾನು ಅವಳ ಕಣ್ಣಿಗೆ ಬಿದ್ದದ್ದು ಇವತ್ತೇ, ಬೀಳಬೇಕಾದರೆ ಮಲಗಬೇಕಲ್ಲ, ಮಲಗಬೇಕಾದರೆ ಸೊಂಟ ಮುರಿಯಬೇಕಲ್ಲ — ಎಷ್ಟೋ ಮುರಿದ ಸೊಂಟಗಳಿಗೆ ಸುತ್ತಿಗೆ ಎತ್ತಿಕೊಟ್ಟವಳು ನಿನ್ನೆ ಬಚ್ಚಲ ಬಾಗಿಲಲ್ಲಿ ಒಂದು ಕಾಲೊರಸಿಗೆ ಸೋತಳು, ನಗುವುದೋ ಅಳುವುದೋ, ನಕ್ಕರೆ ತೊಡೆ ಸಂದಿಯಲ್ಲಿ ಚಳಕ್ ಅನ್ನುತ್ತದೆ. ಮಂಚದ ತುದಿಯಲ್ಲಿ ಇಬ್ಬರು ಡಾಕ್ಟರುಗಳು ಎಕ್ಸ್‌ರೇ ಎತ್ತಿ ಹಿಡಿದು ವಾದಕ್ಕಿಳಿದಿದ್ದಾರೆ, ಇಬ್ಬರೂ ಅವಳೆದುರೇ ಪಳಗಿದವರು, ಉದ್ದನೆಯವನಿಗೆ ಅವಳಿಟ್ಟ ಹೆಸರು ಏಣಿ, ಇನ್ನೊಬ್ಬ ಗುಂಡಣ್ಣ, ತೊಡೆಮೂಳೆಯ ಕತ್ತು ಮುರಿದು ತುದಿಯ ಚೆಂಡು ಜರುಗಿಬಿಟ್ಟಿದೆ, ಸ್ಕ್ರೂ ಹಾಕಿದರೆ ಈ ವಯಸ್ಸಲ್ಲಿ ಕೂಡೋದು ಅನುಮಾನ, ಲೋಹದ ಚೆಂಡೇ ಗತಿ, ಅಲ್ಲಿಯವರೆಗೂ ಇಬ್ಬರದೂ ಒಂದೇ ರಾಗ. ಕೊಯ್ದು ಒಳಹೋಗುವ ದಾರಿ ಯಾವುದು ಅನ್ನುವುದಕ್ಕೇ ಜಗಳ, ಹಿಂದಿನಿಂದ ಹೋಗೋಣ ಕಣೋ, ನಡೆಸೋ ಸ್ನಾಯು ಮುಟ್ಟೋದೇ ಬೇಡ, ಅಕ್ಕ ಕುಂಟಬಾರದು, ಇದು ಏಣಿ, ಕುಂಟದೇ ಇರಬಹುದು, ಬಗ್ಗಿದಾಗ ಚೆಂಡು ಜಾರಿದರೆ ನೀನು ಹಿಡ್ಕೋತೀಯಾ, ಪಕ್ಕದಿಂದ ಹೋದ್ರೆ ಆ ಭಯ ಕಮ್ಮಿ, ಇದು ಗುಂಡಣ್ಣ, ಪಾಪ, ನನ್ನ ಸೊಂಟಕ್ಕಾಗಿ ಕೋಳಿಜಗಳ, ಬೈಯಬೇಕೆನಿಸುತ್ತದೆ, ಮುದ್ದೂ ಬರುತ್ತದೆ. ಬಗ್ಗಿದಾಗ — ಆ ಒಂದು ಮಾತಿಗೆ ಮನಸ್ಸು ಮನೆಗೆ ಓಡಿತು, ಗಂಡ ಗಡಿಯಾರ ರಿಪೇರಿಯವರು, ಒಂಬತ್ತು ವರ್ಷದಿಂದ ಅವರ ಬೆನ್ನು ಹಲಗೆಯಾಗಿದೆ, ಬಗ್ಗಲಾಗದು, ದಿನಾ ಬೆಳಿಗ್ಗೆ ಅವಳು ಬಗ್ಗಿ ಶೂ ಲೇಸು ಕಟ್ಟಬೇಕು, ಸಡಿಲ ಕಟ್ಟೇ, ಕಾಲು ಉಸಿರಾಡಲಿ, ಉಸಿರಾಡೋದು ಮೂಗು ರೀ, ಕಾಲಲ್ಲ, ಇವತ್ತು ಹವಾಯಿ ಚಪ್ಪಲಿಯಲ್ಲೇ ಬಂದು ಮಂಚದ ಪಕ್ಕ ನಿಂತಿದ್ದಾರೆ, ಶೂ ಯಾಕ್ರೀ ಹಾಕಿಲ್ಲ, ಸೆಕೆ ಕಣೇ, ಎಂಥ ಸೆಕೆಯೋ, ಮೈಮೇಲೆ ಸ್ವೆಟರು! ಅಕ್ಕಾ, ನೀವೇ ಹೇಳಿಬಿಡಿ, ಅಂದ ಏಣಿ. ಪಕ್ಕದಿಂದ ಹೋಗ್ರಪ್ಪ, ಕುಂಟಿದ್ರೆ ಕುಂಟ್ತೀನಿ, ಬಗ್ಗೋದಕ್ಕೆ ಹೆದರ್ಕೊಂಡು ಬಾಳೋಕಾಗಲ್ಲ. ಆಮೇಲೆ ನನ್ನ ಬೈಬಾರದು, ಅಂದ ಗುಂಡಣ್ಣ. ಬೈಯೋದು ಬೈಯೋದೇ.

ಬೆನ್ನಿಗೆ ಸೂಜಿ ಚುಚ್ಚಿದ್ದಾರೆ, ಸೊಂಟದ ಕೆಳಗೆ ಅವಳು ಇಲ್ಲವೇ ಇಲ್ಲ, ಮುಖದೆದುರು ಹಸಿರು ಬಟ್ಟೆಯ ಗೋಡೆ, ಆಚೆ ಏಣಿಯೂ ಗುಂಡಣ್ಣನೂ ಒಟ್ಟಿಗೇ ನಿಂತಿದ್ದಾರೆ, ಗರಗಸದ ಸದ್ದು, ಹೀರುವ ಪೈಪಿನ ಸುರ್, ಕಣ್ಣು ಬೇಡ, ಕಿವಿಯೇ ಸಾಕು, ಹಳೆಯ ಚೆಂಡು ಹೊರಬಂತು, ಅಳತೆ ನೋಡುತ್ತಿದ್ದಾರೆ, ಈಗ ಕೇಳುತ್ತಾನೆ, ಈಗ — ಸುತ್ತಿಗೆ, ಅಂದ ಗುಂಡಣ್ಣ. ಹೊಸ ನರ್ಸು ಒಂದು ಕ್ಷಣ ತಡವರಿಸಿದಳು, ಅಷ್ಟರಲ್ಲಿ ಮಲಗಿದ್ದವಳದೇ ಬಲಗೈ ಬಟ್ಟೆಯಡಿ ಮಿಸುಕಿ ಸುತ್ತಿಗೆಯೆಂಬಂತೆ ಗಾಳಿಯನ್ನು ಎತ್ತಿಕೊಂಡಿತು, ಗೋಡೆಯಾಚೆಯ ಅಂಗೈ ಮನಸ್ಸಿಗೆ ಕಾಣುತ್ತಿದೆ, ಗುಂಡಣ್ಣ ಹುಡುಗನಾಗಿ ಮೊದಲ ದಿನ ಚಾಚಿದ ಅಂಗೈ, ಎಲೆಯಂತೆ ನಡುಗಿದ್ದ ಅಂಗೈ, ನಡುಗಬೇಡಿ ಡಾಕ್ಟ್ರೇ, ಮೂಳೆ ಕಚ್ಚಲ್ಲ ಅಂದು ತಾನು ಸುತ್ತಿಗೆ ಇಟ್ಟು ತಟ್ಟಿದ್ದ ಅಂಗೈ, ಕೊಡು ಮಗಳೇ, ಬೇಗ ಕೊಡು, ಕಾಯ್ತಿದ್ದಾನೆ — ಚಾಚಿದ ಅಂಗೈ, ಈಗ ನಡುಗದ ಅಂಗೈ, ಅಂಗೈ.